ಎರಡನೆಯ ಚರಣ

‘ಕರುಣಾಳು ಬಾ ಬೆಳಕೆ’ ಎಂಬ ಗೀತೆಯನ್ನು ಶಾಲೆಯ ಪ್ರಾರ್ಥನೆಯಲ್ಲೋ ಸಂಜೆ ದೀಪ ಹಚ್ಚುವ ಹೊತ್ತಿನಲ್ಲೋ ಕೇಳದ ಕನ್ನಡ ಮನೆ ವಿರಳ. ಆದರೆ ಬಹುಮಂದಿಗೆ ಕಂಠಸ್ಥವಾಗಿರುವುದು ಮೊದಲನೆಯ ಚರಣವಷ್ಟೆ. ಕವಿಯು ತನ್ನನ್ನು ತಾನೇ ವಿಚಾರಣೆಗೆ ಒಳಪಡಿಸಿಕೊಳ್ಳುವುದು ಎರಡನೆಯದರಲ್ಲಿ.

ಮೂಲಗೀತೆಯ ಕರ್ತೃ ಜಾನ್ ಹೆನ್ರಿ ನ್ಯೂಮನ್. ಆತ ಆಕ್ಸ್‌ಫರ್ಡಿನ ವಿದ್ವಾಂಸ, ಹೆಸರಾದ ಧರ್ಮೋಪದೇಶಕ. 1833ರಲ್ಲಿ ಸಿಸಿಲಿ ದ್ವೀಪದಲ್ಲಿ ಜ್ವರಪೀಡಿತನಾಗಿ, ಸಾವಿನ ಅಂಚನ್ನು ಮುಟ್ಟಿ ಚೇತರಿಸಿಕೊಂಡು, ಕಿತ್ತಳೆ ಹಣ್ಣು ಸಾಗಿಸುವ ಹಡಗೊಂದರಲ್ಲಿ ಊರಿನತ್ತ ಹೊರಟನು. ಕಾರ್ಸಿಕಾ ಮತ್ತು ಸಾರ್ಡಿನಿಯಾ ದ್ವೀಪಗಳ ನಡುವಣ ಜಲಸಂಧಿಯಲ್ಲಿ ಗಾಳಿ ಬಿದ್ದುಹೋಗಿ ಹಡಗು ನಿಂತಿತು. ಆತನ ವಿದ್ಯೆಯಾಗಲಿ ಸ್ಥಾನಮಾನವಾಗಲಿ ಅದನ್ನು ಒಂದು ಮಾರು ಮುಂದಕ್ಕೆ ನೂಕಲಾರದಾಯಿತು. ಗೀತೆ ಹುಟ್ಟಿದುದು ಆಗ.

ಗೀತೆಯಲ್ಲಿ ಎರಡು ಬೆಳಕುಗಳಿವೆ. ಒಂದು, ಕವಿ ಹಿಂದೆ ಮೆಚ್ಚಿದ್ದ ಕಣ್ಣು ಕೋರೈಸುವ ಹಗಲು. ತನ್ನ ದಾರಿಯನ್ನು ತಾನೇ ಆರಿಸಿಕೊಂಡೆನೆಂಬ ಗರ್ವ ಅದರೊಳಗಿತ್ತು. ಇನ್ನೊಂದು, ಕತ್ತಲೆಯಲ್ಲಿ ಈಗ ಬೇಡುತ್ತಿರುವ ಬೆಳಕು. ಒಂದು ಹೆಜ್ಜೆಯ ಮಟ್ಟಿಗೆ ಕಂಡರೆ ಸಾಕು. ಮೊದಲನೆಯದರ ಮೋಹವನ್ನು ಒಪ್ಪಿಕೊಳ್ಳದೆ ಎರಡನೆಯದನ್ನು ಬೇಡಿದರೆ ಅದು ಬಾಯಿಮಾತಿನ ಪ್ರಾರ್ಥನೆಯಾದೀತು.

ಇದನ್ನು ಕನ್ನಡಿಸಿದ ಬಿ. ಎಂ. ಶ್ರೀಕಂಠಯ್ಯನವರ ಮನೆತನದ ಊರು ನಾಗಮಂಗಲ ತಾಲ್ಲೂಕಿನ ಬೆಳ್ಳೂರು. ಬಾಲ್ಯ ಕಳೆದುದು ಶ್ರೀರಂಗಪಟ್ಟಣದಲ್ಲಿ. ಗರ್ವವನ್ನು ಹೇಳಲು ಅವರು ಶಾಸ್ತ್ರದ ಶಬ್ದವನ್ನು ಅರಸಲಿಲ್ಲ. ಮನೆಯ ಹಿರಿಯರು ಮಕ್ಕಳನ್ನು ಗದರಿಸುವಾಗ ಆಡುವ ಮಾತನ್ನೇ ಬಳಸಿದರು. ಇಂಗ್ಲಿಷ್ ಬಲ್ಲವರಿಗೆ ಹುದ್ದೆ, ಮರ್ಯಾದೆಗಳ ಬಾಗಿಲು ತೆರೆಯುತ್ತಿದ್ದ ಕಾಲವದು. ಆ ಭಾಷೆಯನ್ನು ಕಲಿತು ತಾಯಿನುಡಿಯತ್ತ ಬೆನ್ನು ತಿರುಗಿಸಿದವರೂ ಇದ್ದರು. ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದ ಶ್ರೀಯವರೋ, 1911ರಲ್ಲೇ ಧಾರವಾಡದಲ್ಲಿ ನಿಂತು ಕನ್ನಡವು ತಲೆಯೆತ್ತುವ ಬಗೆಯನ್ನು ಕುರಿತು ಉಪನ್ಯಾಸ ಮಾಡಿದರು. ತಮಗೆ ದೊರೆತುದನ್ನು ‘ಇಂಗ್ಲಿಷ್ ಗೀತಗಳು’ ಎಂಬ ಪುಸ್ತಕವಾಗಿ ಕನ್ನಡಿಗರೊಡನೆ ಹಂಚಿಕೊಂಡರು. ಅವರು ತೆರೆದ ಹಾದಿಯಲ್ಲಿ ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯ ಪು. ತಿ. ನರಸಿಂಹಾಚಾರ್ಯರೂ, ಕೃಷ್ಣರಾಜಪೇಟೆ ತಾಲ್ಲೂಕಿನ ಕಿಕ್ಕೇರಿಯ ಕೆ. ಎಸ್. ನರಸಿಂಹಸ್ವಾಮಿಯವರೂ ನಡೆದು ಬಂದರು.

ಈ ಗೀತೆಯ ಅರ್ಥವನ್ನು ಪಂಡಿತರಿಂದಲೇ ಕೇಳಬೇಕೆಂದಿಲ್ಲ. ಓದಿ, ಕೆಲಸ ಹಿಡಿದು, ಪಟ್ಟಣದಲ್ಲಿ ಮನೆ ಕಟ್ಟಿದ ಗೃಹಸ್ಥನು ‘ಎಲ್ಲವೂ ನನ್ನ ಸ್ವಂತ ದುಡಿಮೆ’ ಎನ್ನುವುದುಂಟು. ತಮ್ಮನು ಓದಲೆಂದು ನೇಗಿಲು ಹಿಡಿದು ಹಳ್ಳಿಯಲ್ಲಿಯೇ ಉಳಿದ ಅಣ್ಣನೂ, ಪರೀಕ್ಷೆಯ ದಿನಗಳಲ್ಲಿ ಕೋಳಿ ಕೂಗುವ ಮೊದಲೇ ಒಲೆ ಹಚ್ಚಿದ ತಾಯಿಯೂ ಆ ಲೆಕ್ಕಕ್ಕೆ ಬರುವುದಿಲ್ಲ. ದುಡಿದುದು ಸುಳ್ಳಲ್ಲ, ಒಬ್ಬನೇ ದುಡಿದೆನೆಂಬುದು ಸುಳ್ಳು.

ಅಂಥ ಮನೆಯಲ್ಲಿ ಇಂದು ಸಂಜೆ ಮಕ್ಕಳು ಮೊದಲ ಚರಣವನ್ನು ಮುಗಿಸಿ ಎದ್ದರೆ, ಹಿರಿಯರು ಅವರನ್ನು ಮತ್ತೆ ಕೂರಿಸಿ ಎರಡನೆಯದನ್ನೂ ಹೇಳಿಕೊಡಲಿ. ಹೇಳಿಕೊಡುತ್ತ ತಾವೂ ಕೇಳಿಸಿಕೊಳ್ಳಲಿ.