ಹಳೆಯ ಲೆಕ್ಕ, ಹೊಸ ಯಂತ್ರ

ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ಹಾದಿಯಲ್ಲಿ ಮಾಚೇನಹಳ್ಳಿಯ ಕೈಗಾರಿಕಾ ಪ್ರದೇಶವಿದೆಯಷ್ಟೆ. ಆ ಕಡೆಯ ಎರಕದ ಕಾರ್ಖಾನೆಯೊಂದರ ಲೆಕ್ಕಪತ್ರ ವಿಭಾಗದಲ್ಲಿರುವ ವಾಚಕರೊಬ್ಬರು ಈ ಅಂಕಣಕ್ಕೆ ಕಾಗದ ಬರೆದಿದ್ದಾರೆ. ಅದರ ಸಾರಾಂಶ ಇಷ್ಟು: ಕಾರ್ಖಾನೆಯ ಉಗ್ರಾಣ, ಸಂಬಳ, ಖರೀದಿ, ಮಾರಾಟ ಎಲ್ಲವನ್ನೂ ಹಳೆಯ ಗಣಕ ವ್ಯವಸ್ಥೆಯಿಂದ ಹೊಸದಕ್ಕೆ ಸಾಗಿಸುವುದೆಂದು ತೀರ್ಮಾನವಾಗಿದೆ. ಬಂದಿರುವ ತಂತ್ರಜ್ಞರು ಹಳೆಯ ಸಾಫ್ಟ್‌ವೇರಿನಲ್ಲಿ ಯಾವ ಫಂಕ್ಷನ್ ಎಷ್ಟು ಬಾರಿ ನಡೆಯಿತೆಂಬುದನ್ನು ಮೂರು ತಿಂಗಳ ಕಾಲ ಎಣಿಸಿ, ಒಮ್ಮೆಯೂ ನಡೆಯದ 140 ಫಂಕ್ಷನ್‌ಗಳ ಪಟ್ಟಿ ಮಾಡಿ, ‘ಇವು ಸತ್ತವು, ಇವನ್ನು ಹೊಸ ಮನೆಗೆ ಹೊರುವುದು ಬೇಡ’ ಎಂದಿದ್ದಾರೆ. ‘ನನಗೆ ಗಣಕಶಾಸ್ತ್ರ ತಿಳಿಯದು. ಆದರೆ ನಾಳೆ ಲೆಕ್ಕ ತಪ್ಪಿದರೆ ಕಾರ್ಮಿಕರು ಬಂದು ನಿಲ್ಲುವುದು ನನ್ನ ಮೇಜಿನ ಮುಂದೆ. ನಾನು ಸುಮ್ಮನಿರಬೇಕೆ, ಮಾತನಾಡಬೇಕೆ?’ ಎಂದು ಅವರು ಕೇಳಿದ್ದಾರೆ.

ಮಾತನಾಡಬೇಕು. ಏಕೆಂಬುದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ.

ಫಂಕ್ಷನ್ ಎಂದೊಡನೆ ನಮ್ಮವರಿಗೆ ಮದುವೆ ಮುಂಜಿಗಳ ನೆನಪು ಬರುವುದು ಸಹಜ. ಗಣಕದ ಭಾಷೆಯಲ್ಲಿ ಅದು ಬೇರೆ. ಒಂದು ನಿರ್ದಿಷ್ಟ ಕೆಲಸವನ್ನು ಮಾಡಲು ಬರೆದಿಟ್ಟ ಆಜ್ಞೆಗಳ ಒಂದು ಗಂಟಿಗೆ ಆ ಹೆಸರು. ಹಾಜರಿಯನ್ನು ಕೊಟ್ಟರೆ ಸಂಬಳವನ್ನು ಹೇಳುವುದು ಒಂದು ಫಂಕ್ಷನ್. ಸಂಬಳವನ್ನು ಕೊಟ್ಟರೆ ಭವಿಷ್ಯನಿಧಿಯ ಕಡಿತವನ್ನು ಹೇಳುವುದು ಇನ್ನೊಂದು. ದೊಡ್ಡ ವ್ಯವಸ್ಥೆಯೆಂದರೆ ಇಂತಹ ಸಾವಿರಾರು ಗಂಟುಗಳು ಒಂದನ್ನೊಂದು ಕರೆಯುತ್ತ, ಒಂದರ ಉತ್ತರವನ್ನು ಇನ್ನೊಂದು ಬಳಸುತ್ತ ನಡೆಯುವ ಸಂಸಾರ.

ಇವು ಹಳತಾಗುವುದು ಒಂದೇ ಬಗೆಯಲ್ಲಿ ಅಲ್ಲ. ಮೊದಲನೆಯದು, ತಯಾರಕರೇ ಹಿಂತೆಗೆದುಕೊಳ್ಳುವುದು. ಜಾಲತಾಣಗಳನ್ನು ಕಟ್ಟುವ ಪಿಎಚ್‌ಪಿ ಎಂಬ ಭಾಷೆಯಲ್ಲಿ ದತ್ತಾಂಶವನ್ನು ಓದುವ ಹಳೆಯ ಫಂಕ್ಷನ್‌ಗಳ ಒಂದು ಗುಂಪಿತ್ತು. ‘ಇನ್ನು ಇವನ್ನು ಬಳಸಬೇಡಿ’ ಎಂದು 2013ರಲ್ಲಿ ಎಚ್ಚರಿಕೆ ಕೊಟ್ಟರು. 2015ರ ಡಿಸೆಂಬರಿನಲ್ಲಿ ಬಂದ ಹೊಸ ಆವೃತ್ತಿಯಲ್ಲಿ ಅವನ್ನು ತೆಗೆದೇಬಿಟ್ಟರು. ಎಚ್ಚರಿಕೆಯನ್ನು ಓದದಿದ್ದವರ ಲೆಕ್ಕದ ಪುಟಗಳು ಹೊಸ ಆವೃತ್ತಿಗೆ ಬಂದೊಡನೆ ಬಾಯಿ ಮುಚ್ಚಿದವು. ದೊಡ್ಡ ಕಾರ್ಖಾನೆಗಳಲ್ಲಿ ಬಳಕೆಯಲ್ಲಿರುವ ಜರ್ಮನಿಯ ಸ್ಯಾಪ್ ವ್ಯವಸ್ಥೆಯಲ್ಲಿಯೂ ಹೀಗೆಯೇ. ಹಳೆಯ ಪೀಳಿಗೆಯಲ್ಲಿ ಉಗ್ರಾಣದ ಸರಕನ್ನು ಒಳಕ್ಕೆ ತೆಗೆದುಕೊಳ್ಳಲು, ಹೊರಕ್ಕೆ ಕೊಡಲು, ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸಲು ಬೇರೆ ಬೇರೆ ಆಜ್ಞೆಗಳಿದ್ದವು; ಹೊಸ ಪೀಳಿಗೆಯಲ್ಲಿ ಅವೆಲ್ಲ ಒಂದೇ ಆಜ್ಞೆಯೊಳಗೆ ಸೇರಿವೆ. ಸರಕಿನ ಸಂಕೇತ ಹಿಂದೆ 18 ಅಕ್ಷರಗಳಿಗೆ ಸೀಮಿತವಾಗಿದ್ದುದು ಈಗ 40ರವರೆಗೆ ಬೆಳೆಯಬಹುದು. ಹದಿನೆಂಟೇ ಅಕ್ಷರವೆಂದು ನಂಬಿ ಬರೆದ ಮನೆಯ ಫಂಕ್ಷನ್ ಉಳಿದುದನ್ನು ಕತ್ತರಿಸಿ ಒಗೆದು, ಎರಡು ಬೇರೆ ಸರಕುಗಳನ್ನು ಒಂದೇ ಎಂದು ತಿಳಿದೀತು. ಆದರೆ ಈ ಬಗೆಯದನ್ನು ಹುಡುಕುವುದು ಕಷ್ಟವಲ್ಲ. ತಯಾರಕರೇ ಪಟ್ಟಿ ಕೊಡುತ್ತಾರೆ; ಬರೆದ ಸಾಲುಗಳನ್ನೆಲ್ಲ ಓದಿ ತಪ್ಪನ್ನು ಎತ್ತಿ ತೋರಿಸುವ ಸಲಕರಣೆಗಳೂ ಇವೆ. ಅದಂತಿರಲಿ.

ಎರಡನೆಯದು, ಲೋಕ ಬದಲಾಗಿ ಫಂಕ್ಷನ್ ಮಾತ್ರ ಹಿಂದೆ ಉಳಿಯುವುದು. ಆಜ್ಞೆಗಳೆಲ್ಲ ಸರಿಯಾಗಿಯೇ ನಡೆಯುತ್ತವೆ, ಆದರೆ ನಡೆಯುವುದು ಇಲ್ಲದ ಲೋಕದ ಲೆಕ್ಕ. ನಮ್ಮ ಊರುಗಳಲ್ಲೇ ಇದಕ್ಕೆ ಉದಾಹರಣೆಗಳು ಬೇಕಾದಷ್ಟಿವೆ. 2014ರ ನವೆಂಬರ್ 1ರಂದು ರಾಜ್ಯದ 12 ಊರುಗಳ ಹೆಸರಿನ ಇಂಗ್ಲಿಷ್ ರೂಪ ಬದಲಾಯಿತು. ಕನ್ನಡಿಗರ ಬಾಯಲ್ಲಿ ಶಿವಮೊಗ್ಗ ಎಂದೂ ಶಿವಮೊಗ್ಗವೇ. ಇಂಗ್ಲಿಷ್ ಕಡತಗಳಲ್ಲಿ ಮಾತ್ರ ಅದು ಶಿಮೊಗವಾಗಿತ್ತು. ಸಾಗಾಣಿಕೆಯ ದರವನ್ನು ಊರಿನ ಹೆಸರು ನೋಡಿ ನಿರ್ಧರಿಸುವ ಫಂಕ್ಷನ್ ಆ ಹಳೆಯ ಹೆಸರನ್ನೇ ಹುಡುಕುತ್ತಿದ್ದರೆ ಹೊಸ ಹೆಸರಿನ ಗಿರಾಕಿಗೆ ದರವೇ ಸಿಕ್ಕದು. ರೈಲ್ವೆಯವರು ಇಲ್ಲಿ ಜಾಣರು. ಶಿವಮೊಗ್ಗ ಟೌನ್ ನಿಲ್ದಾಣದ ಫಲಕ ಬದಲಾದರೂ ಅದರ ಸಂಕೇತ ‘ಎಸ್‌ಎಂಇಟಿ’ ಹಾಗೆಯೇ ಉಳಿಯಿತು. ಟಿಕೆಟ್ಟಿನ ಲೆಕ್ಕ ಕದಲಲಿಲ್ಲ.

ಬ್ಯಾಂಕಿನ ಕಥೆ ಇನ್ನೂ ಹತ್ತಿರದ್ದು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1913ರಲ್ಲಿ, ಮೈಸೂರು ಬ್ಯಾಂಕು ಹುಟ್ಟಿತು. ಅವರೇ ಕನಸು ಕಂಡ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಊರಿನಲ್ಲಿ ಎಷ್ಟೋ ಸಂಬಳಗಳು ಆ ಬ್ಯಾಂಕಿನ ಪಾಸ್‌ಬುಕ್ಕಿಗೆ ಇಳಿದವು. 2017ರ ಏಪ್ರಿಲ್ 1ರಂದು ಅದು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ಲೀನವಾಯಿತು. ‘ಎಸ್‌ಬಿಎಂವೈ’ ಎಂದು ಆರಂಭವಾಗುತ್ತಿದ್ದ ಶಾಖೆಯ ಸಂಕೇತಗಳು ‘ಎಸ್‌ಬಿಐಎನ್’ ಎಂದಾದವು. ಅದೇ ವರ್ಷದ ಜುಲೈ 1ರಂದು ಜಿಎಸ್‌ಟಿ ಬಂದು, 2005ರಿಂದ ನಡೆದುಬಂದಿದ್ದ ವ್ಯಾಟ್ ತೆರಿಗೆಯ ಲೆಕ್ಕ ಹೆಚ್ಚಿನ ಸರಕುಗಳಿಗೆ ಮುಗಿಯಿತು. ಇಂತಹವುಗಳ ಮೇಲೆ ‘ಹಳತು’ ಎಂದು ಬರೆದಿಡಲು ಯಾರೂ ಹಿಂಜರಿಯಬೇಕಾಗಿಲ್ಲ.

ಆದರೆ ಬರೆದಿಡುವುದು ಒಂದು, ಕಿತ್ತೊಗೆಯುವುದು ಇನ್ನೊಂದು. ಭದ್ರಾವತಿಯ ಹಿರಿಯರಿಗೆ ಈ ಮಾತು ಬೇಗ ತಿಳಿದೀತು. 1923ರ ಜನವರಿ 18ರಂದು ಅಲ್ಲಿನ ಕಾರ್ಖಾನೆ ಆರಂಭವಾದಾಗ ಊದುಕುಲುಮೆಗೆ ಹಾಕುತ್ತಿದ್ದುದು ಕಲ್ಲಿದ್ದಲಲ್ಲ, ಮಲೆನಾಡಿನ ಸೌದೆಯಿಂದ ಮಾಡಿದ ಇದ್ದಿಲು. ಸೌದೆಯನ್ನು ಬಟ್ಟಿಯಿಳಿಸಿ ಇದ್ದಿಲು ಮಾಡುವ ಸ್ಥಾವರದಲ್ಲಿಯೇ ಮರದ ಟಾರು, ಮೀಥೈಲ್ ಆಲ್ಕೋಹಾಲ್ ಮೊದಲಾದ ರಾಸಾಯನಿಕಗಳೂ ದೊರೆಯುತ್ತಿದ್ದವು. ಮುಂದೆ ವಿದ್ಯುತ್ ಕುಲುಮೆಗಳು ಬಂದವು. ‘ನನಗೆ ಇದ್ದಿಲು ಬೇಡ, ಬಟ್ಟಿಯನ್ನು ಮುಚ್ಚಿ’ ಎಂದು ಕುಲುಮೆಯವನು ಹೇಳಿದನೆನ್ನಿ. ಅವನ ಮಟ್ಟಿಗೆ ಅದು ಸರಿಯೇ. ರಾಸಾಯನಿಕದ ಪೀಪಾಯಿಗಳ ಬಳಿ ಕಾದು ನಿಂತವನನ್ನು ಕೇಳಿದವರಾರು? ಗಣಕದಲ್ಲಿಯೂ ಒಂದು ಫಂಕ್ಷನ್ನಿನ ಮುಖ್ಯ ಫಲ ಬೇಡವಾದಾಗ ಅದರ ಉಪಫಲವನ್ನು ಯಾರು ಕುಡಿಯುತ್ತಿದ್ದಾರೆಂಬುದನ್ನು ನೋಡಬೇಕಾಗುತ್ತದೆ.

ಸತ್ತಿತೆಂದು ತಿಳಿದುದನ್ನು ಹಾಗೆಯೇ ಬಿಟ್ಟರೆ ಆಗುವ ಅನಾಹುತವೂ ಸಣ್ಣದಲ್ಲ. ಇದಕ್ಕೆ ಅಮೆರಿಕದಲ್ಲಿ ನಡೆದ ಒಂದು ಪ್ರಸಂಗವನ್ನು ಹೇಳುತ್ತೇನೆ. ನೈಟ್ ಕ್ಯಾಪಿಟಲ್ ಎಂಬ ಷೇರು ವ್ಯಾಪಾರದ ಸಂಸ್ಥೆಯ ಸಾಫ್ಟ್‌ವೇರಿನಲ್ಲಿ ‘ಪವರ್ ಪೆಗ್’ ಎಂಬ ಫಂಕ್ಷನ್ ಇತ್ತು. 2003ರಲ್ಲಿ ಅದರ ಬಳಕೆಯನ್ನು ನಿಲ್ಲಿಸಿದರು, ಆದರೆ ತೆಗೆಯಲಿಲ್ಲ. 2005ರಲ್ಲಿ, ಕೊಂಡ ಷೇರುಗಳನ್ನು ಎಣಿಸಿ ‘ಸಾಕು’ ಎನ್ನುವ ಭಾಗವನ್ನು ಅದರಿಂದ ಬೇರೆಡೆಗೆ ಸರಿಸಿದರು. ಬಳಕೆಯಲ್ಲಿಲ್ಲದುದನ್ನು ಪರೀಕ್ಷಿಸುವವರಾರು? ಯಾರೂ ಪರೀಕ್ಷಿಸಲಿಲ್ಲ. 2012ರಲ್ಲಿ ಹೊಸದೊಂದು ಕಾರ್ಯಕ್ಕಾಗಿ, ಹಿಂದೆ ಪವರ್ ಪೆಗ್ಗನ್ನು ಎಬ್ಬಿಸುತ್ತಿದ್ದ ಸಂಜ್ಞೆಯನ್ನೇ ಮತ್ತೆ ಬಳಸಿಕೊಂಡರು. ಹೊಸ ಆಜ್ಞೆಗಳನ್ನು ಎಂಟು ಸರ್ವರ್‌ಗಳಿಗೆ ಹಾಕಬೇಕಾಗಿತ್ತು, ಒಂದು ಉಳಿದುಹೋಯಿತು. ಆಗಸ್ಟ್ 1ರ ಬೆಳಿಗ್ಗೆ ಪೇಟೆ ತೆರೆಯಿತು. ಉಳಿದುಹೋದ ಎಂಟನೆಯ ಯಂತ್ರದಲ್ಲಿ, ಒಂಬತ್ತು ವರ್ಷ ಮಲಗಿದ್ದ ಫಂಕ್ಷನ್ ಎದ್ದು ಕೊಳ್ಳತೊಡಗಿತು, ಮಾರತೊಡಗಿತು, ‘ಸಾಕು’ ಎನ್ನುವವರಿರಲಿಲ್ಲ. ಸುಮಾರು 45 ನಿಮಿಷಗಳಲ್ಲಿ 40 ಲಕ್ಷದಷ್ಟು ವ್ಯವಹಾರಗಳು ನಡೆದವು. ನಷ್ಟ 46 ಕೋಟಿ ಡಾಲರುಗಳಿಗೂ ಹೆಚ್ಚು. ಪೇಟೆ ತೆರೆಯುವ ಮೊದಲೇ ಆ ಯಂತ್ರ ಪವರ್ ಪೆಗ್ಗಿನ ಹೆಸರೆತ್ತಿ 97 ಮಿಂಚಂಚೆಗಳನ್ನು ಕಳುಹಿಸಿತ್ತಂತೆ. ಅವನ್ನು ಎಚ್ಚರಿಕೆಯೆಂದು ಯಾರೂ ಓದಲಿಲ್ಲ. ಮರುವರ್ಷವೇ ಆ ಸಂಸ್ಥೆ ಬೇರೊಂದರಲ್ಲಿ ಸೇರಿಹೋಯಿತು.

ಹಾಗಾದರೆ ನಿಮ್ಮ ತಂತ್ರಜ್ಞರು 140 ಫಂಕ್ಷನ್‌ಗಳನ್ನು ಬಿಡುವುದೇ ಸರಿಯಲ್ಲವೆ ಎಂದು ನೀವು ಕೇಳಬಹುದು. ಸತ್ತವನ್ನು ಬಿಡುವುದು ಸರಿ. ಸತ್ತಿವೆಯೆಂದು ತಿಳಿಯುವ ಬಗೆ ಸರಿಯಲ್ಲ. ಮೂರು ತಿಂಗಳು ಉಸಿರಾಡದಿದ್ದರೆ ಮನುಷ್ಯ ಸತ್ತನೆನ್ನಬಹುದು, ಲೆಕ್ಕಪತ್ರದಲ್ಲಿ ಹಾಗಲ್ಲ. ಬೋನಸ್ಸಿನ ಲೆಕ್ಕ ವರ್ಷಕ್ಕೊಮ್ಮೆ ಬರುತ್ತದೆ. ಮಾರ್ಚ್ 31ರ ಮುಕ್ತಾಯದ ಲೆಕ್ಕ, ಆದಾಯ ತೆರಿಗೆಯ ವಾರ್ಷಿಕ ಪ್ರಮಾಣಪತ್ರ, ಉಳಿದ ರಜೆಯ ನಗದೀಕರಣ ಇವೂ ಹಾಗೆಯೇ. ಗ್ರಾಚ್ಯುಟಿಯದು ಯಾರಾದರೂ ನಿವೃತ್ತರಾದಾಗ ಬರುತ್ತದೆ; ಸಣ್ಣ ಕಾರ್ಖಾನೆಯಲ್ಲಿ ಮೂರು ತಿಂಗಳಲ್ಲಿ ಯಾರೂ ನಿವೃತ್ತರಾಗದಿರುವುದು ಏನಾಶ್ಚರ್ಯ? ಫೆಬ್ರವರಿ 29ರ ದಿನಗೂಲಿಯನ್ನು ನೋಡುವ ಫಂಕ್ಷನ್ನಿಗೆ ನಾಲ್ಕು ವರ್ಷಕ್ಕೊಂದು ದಿನವೇ ಕೆಲಸ. ನೋಡುವುದಾದರೆ ಒಂದು ಇಡೀ ವರ್ಷ ನೋಡಬೇಕು, ಅದರಲ್ಲಿ ಮಾರ್ಚ್ ಕೊನೆ ಸೇರಿರಬೇಕು. ಅಷ್ಟು ಕಾಲಾವಕಾಶವಿಲ್ಲವೆಂದರೆ, ಕಾರ್ಖಾನೆಯ ವರ್ಷದ ಪಂಚಾಂಗವನ್ನು ಮುಂದಿಟ್ಟುಕೊಂಡು ಪಟ್ಟಿಯ ಒಂದೊಂದು ಹೆಸರಿಗೂ ‘ಇದರ ದಿನ ಯಾವುದು?’ ಎಂದು ಕೇಳಬೇಕು.

ಇದಕ್ಕಿಂತಲೂ ಸೂಕ್ಷ್ಮವಾದುದು ಒಂದುಂಟು. ನನ್ನ ಮಟ್ಟಿಗೆ ಇಡೀ ವಿಷಯದ ಜೀವಾಳವೇ ಅದು. ಭವಿಷ್ಯನಿಧಿಯ ಪಿಂಚಣಿಯನ್ನು ತೆಗೆದುಕೊಳ್ಳಿ. 1995ರ ನವೆಂಬರ್ 16ರಂದು ಆ ಯೋಜನೆ ಜಾರಿಗೆ ಬಂದಿತು. ವಂತಿಗೆಯನ್ನು ಲೆಕ್ಕ ಹಾಕುವ ವೇತನದ ಮಿತಿ ಮೊದಲು 5,000 ರೂಪಾಯಿ. 2001ರ ಜೂನ್ 1ರಿಂದ 6,500. 2014ರ ಸೆಪ್ಟೆಂಬರ್ 1ರಿಂದ 15,000. ಶೇಕಡ 8.33ರಂತೆ ತಿಂಗಳಿಗೆ ಗರಿಷ್ಠ 417 ರೂಪಾಯಿ ಆಗುತ್ತಿದ್ದುದು 541 ಆಯಿತು, ಆಮೇಲೆ 1,250 ಆಯಿತು. ಈಗ 6,500ರ ಮಿತಿಯ ಫಂಕ್ಷನ್ನನ್ನು ಸಲಕರಣೆ ನೋಡಿದರೆ, ‘ಹತ್ತು ವರ್ಷಗಳಿಗೂ ಹಿಂದಿನ ನಿಯಮ, ಬಳಕೆಯಿಲ್ಲ’ ಎನ್ನುತ್ತದೆ. ಆ ಮಾತು ನಿಜ. ಆದರೆ 2022ರ ನವೆಂಬರ್ 4ರಂದು ಹೆಚ್ಚಿನ ಪಿಂಚಣಿಯ ವಿಷಯದಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬಂದಾಗ ಏನಾಯಿತು? ಆಯ್ಕೆಗೆ ಅರ್ಜಿ ಹಾಕಿದವರ ಎಷ್ಟೋ ವರ್ಷ ಹಿಂದಿನ ವೇತನವನ್ನು ತಿಂಗಳು ತಿಂಗಳಾಗಿ ತೆಗೆದುಕೊಡಬೇಕಾಗಿ ಬಂತು. ಅಂದಂದಿನ ಮಿತಿಯಲ್ಲಿ ಅಂದು ಕಟ್ಟಿದ್ದು ಎಷ್ಟು, ಕಟ್ಟಬೇಕಾಗಿದ್ದುದು ಎಷ್ಟು ಎಂಬುದನ್ನು ಹೇಳಲು ಅಂದಿನ ನಿಯಮವೇ ಬೇಕು. ಇಂದಿನದು ಕೆಲಸಕ್ಕೆ ಬಾರದು. ಭದ್ರಾವತಿಯ ಕಾಗದದ ಕಾರ್ಖಾನೆಯಿಂದ ಕಾಗದ ಹೊರಬರುವುದು 2015ರಲ್ಲಿ ನಿಂತುಹೋಯಿತು. ಆದರೆ ಯಂತ್ರ ನಿಂತ ಊರಿನಲ್ಲಿ ದುಡಿದವರ ಹಳೆಯ ಲೆಕ್ಕ ನಿಲ್ಲುವುದಿಲ್ಲ. ಮೂವತ್ತು ವರ್ಷ ಕುಲುಮೆಯ ಬಾಯಿಯಲ್ಲಿ ನಿಂತವನು ಒಂದು ದಿನ ಬಂದು, ‘ನನ್ನ 2003ನೆಯ ಇಸವಿಯ ಲೆಕ್ಕ ತೋರಿಸಿ’ ಎಂದು ಕೇಳುತ್ತಾನೆ. ಅದನ್ನು ಕೇಳುವ ಹಕ್ಕು ಅವನಿಗಿದೆ.

ಆದುದರಿಂದ ಮೂಲೆಗೆ ಸೇರಿದ ಫಂಕ್ಷನ್‌ಗಳಲ್ಲಿ, ಇಂದಿನ ಕೆಲಸವನ್ನು ತಪ್ಪು ನಿಯಮದಿಂದ ಮಾಡುವವು ಬೇರೆ. ಹಿಂದಿನ ಕೆಲಸವನ್ನು ಹಿಂದಿನ ನಿಯಮದಿಂದ ಸರಿಯಾಗಿ ಮಾಡುವವು ಬೇರೆ. ಎಣಿಕೆಯ ಯಂತ್ರಕ್ಕೆ ಎರಡೂ ಸೊನ್ನೆಯಾಗಿಯೇ ಕಾಣುತ್ತವೆ. ಬೇರ್ಪಡಿಸಬಲ್ಲವರು ನಿಮ್ಮಂತಹವರೇ ಹೊರತು ಹೊರಗಿನಿಂದ ಬಂದವರಲ್ಲ. ಬಂದವರನ್ನು ಹಳಿಯುವುದಕ್ಕಾಗಿ ನಾನು ಹೀಗೆ ಹೇಳುತ್ತಿಲ್ಲ. ಅವರಿಗೆ ಗೊತ್ತುಪಡಿಸಿರುವ ದಿನಗಳೇ ಅಷ್ಟು. ಅವರನ್ನು ಒಂದು ಪ್ರಶ್ನೆ ಮಾತ್ರ ಕೇಳಿ: ಫಂಕ್ಷನ್ನಿನ ಹೆಸರನ್ನು ಆಜ್ಞೆಯಲ್ಲಿ ನೇರವಾಗಿ ಬರೆಯದೆ, ಕೋಷ್ಟಕವೊಂದರಲ್ಲಿ ಬರೆದಿಟ್ಟು ಅಲ್ಲಿಂದ ಓದಿ ಕರೆಯುವ ಪದ್ಧತಿ ನಿಮ್ಮ ಹಳೆಯ ವ್ಯವಸ್ಥೆಯಲ್ಲಿದೆಯೆ? ಇದ್ದರೆ ಸಾಲುಗಳನ್ನು ಓದುವ ಸಲಕರಣೆಗೆ ಆ ಕರೆ ಕಾಣಿಸುವುದಿಲ್ಲ. ‘ಇದನ್ನು ಯಾರೂ ಕರೆಯುತ್ತಿಲ್ಲ’ ಎಂದು ಅದು ಧೈರ್ಯವಾಗಿ ಸುಳ್ಳು ಹೇಳುತ್ತದೆ.

ನಿಮ್ಮ ವ್ಯವಸ್ಥಾಪಕರ ಮುಂದೆ ಮಾತನಾಡುವಾಗ ವಾದಕ್ಕೆ ನಿಲ್ಲಬೇಡಿ. 140ರ ಪಟ್ಟಿಯನ್ನು ಮುದ್ರಿಸಿ ತರಿಸಿಕೊಂಡು, ಪ್ರತಿ ಹೆಸರಿನ ಎದುರಿಗೆ ಅದು ಯಾವ ದಿನ ನಡೆಯುತ್ತದೆ, ಯಾವ ಸರ್ಕಾರಿ ಆದೇಶದಿಂದ ಹುಟ್ಟಿತು, ಅದರ ಉತ್ತರವನ್ನು ಯಾವ ವಿಭಾಗ ಬಳಸುತ್ತದೆ ಎಂಬುದನ್ನು ಬರೆಯಿಸಿ. ಬಿಡಬಹುದೆನ್ನುವವರು ಅಲ್ಲಿಯೇ ಸಹಿ ಹಾಕಲಿ. ಸಹಿ ಎಂದೊಡನೆ ಅನೇಕರ ಖಚಿತತೆ ಸಡಿಲವಾಗುವುದನ್ನು ನೀವೇ ಕಾಣುವಿರಿ. ಒಂದೆರಡು ತಿಂಗಳ ಸಂಬಳವನ್ನು ಎರಡೂ ಯಂತ್ರಗಳಲ್ಲಿ ಮಾಡಿಸಿ ಪೈಸೆಪೈಸೆಗೂ ತಾಳೆ ನೋಡಿಸಿ. ನಿವೃತ್ತರಾದ ಒಬ್ಬಿಬ್ಬರ ಹಳೆಯ ಲೆಕ್ಕವನ್ನು ಹೊಸದರಲ್ಲಿ ಮತ್ತೊಮ್ಮೆ ಹಾಕಿಸಿ, ಆಗ ಕೊಟ್ಟ ಮೊತ್ತವೇ ಬರುವುದೋ ನೋಡಿ. ಹಳೆಯ ಯಂತ್ರವನ್ನು ಬರೆಯಲಾಗದಂತೆ, ಓದಲು ಮಾತ್ರ ಆಗುವಂತೆ ಬೀಗ ಹಾಕಿ ಕೆಲವು ಕಾಲ ಇಟ್ಟುಕೊಳ್ಳಲು ಒಪ್ಪಿಸಿರಿ. ಅದರ ಖರ್ಚು ಬಹಳವಾಗದು.

ಪಟ್ಟಿಯನ್ನು ಮೊದಲಿನಿಂದ ಓದಬೇಕಾಗಿಲ್ಲ. ಗ್ರಾಚ್ಯುಟಿಯದರಿಂದ ಆರಂಭಿಸಿರಿ.