ಚಾಲೂ ಆಗದ ಟಿ.ವಿ.ಯೂ ದುರಸ್ತಿಯ ಕಾಯಕವೂ

ಮನೆಯ ಟಿ.ವಿ. ಚಾಲೂ ಆಗದಿದ್ದೊಡನೆ ‘ಇದು ಕೆಟ್ಟಿತು, ಹೊಸದನ್ನೇ ತರೋಣ’ ಎಂಬ ಮಾತು ಈಚೆಗೆ ನಮ್ಮ ಭಕ್ತ ಕುಟುಂಬಗಳಲ್ಲಿ ಬಹು ಬೇಗ ಹೊರಡುತ್ತಿದೆ. ಹಿಂದಿನ ಪೆಟ್ಟಿಗೆಯಂಥ ಟಿ.ವಿ.ಯನ್ನು ಮತ್ತೆ ಮತ್ತೆ ದುರಸ್ತಿ ಮಾಡಿಸಿ ಬಳಸಿದವರೇ ಚಪ್ಪಟೆ ತೆರೆಯ ಟಿ.ವಿ.ಗೆ ದುರಸ್ತಿಯೇ ಇಲ್ಲವೆಂದು ನಂಬಿರುವುದು ನಮಗೆ ಸೋಜಿಗವೆನಿಸುತ್ತದೆ. ಪೂರ್ಣ ಕೆಟ್ಟಂತೆ ತೋರುವ ಅನೇಕ ಟಿ.ವಿ.ಗಳಲ್ಲಿ ತೆರೆಯು ನೆಟ್ಟಗಿದ್ದು, ಅದಕ್ಕೆ ವಿದ್ಯುತ್ತನ್ನು ಒದಗಿಸುವ ಭಾಗದಲ್ಲಿ ಮಾತ್ರ ದೋಷವಿರುತ್ತದೆ.

ಮೊದಲು ಗೋಡೆಯ ಸಾಕೆಟ್ಟಿಗೆ ಮೊಬೈಲಿನ ಚಾರ್ಜರನ್ನು ಹಾಕಿ ವಿದ್ಯುತ್ ಬರುತ್ತಿದೆಯೇ ಎಂದು ನೋಡಬೇಕು. ಸ್ಟೆಬಿಲೈಜರ್, ಎಕ್ಸ್‌ಟೆನ್ಷನ್ ಬೋರ್ಡುಗಳನ್ನು ಬಿಟ್ಟು ನೇರವಾಗಿ ಗೋಡೆಗೆ ಜೋಡಿಸಿ ನೋಡುವುದೂ ಒಳ್ಳೆಯದು. ಟಿ.ವಿ.ಯ ಪುಟ್ಟ ಕೆಂಪು ದೀಪ ಉರಿಯುತ್ತಿದ್ದು ರಿಮೋಟಿಗೆ ಮಾತ್ರ ಓಗೊಡದಿದ್ದರೆ, ಚೌಕಟ್ಟಿನ ಅಡಿಯಲ್ಲೋ ಹಿಂಬದಿಯಲ್ಲೋ ಇರುವ ಗುಂಡಿಯನ್ನೇ ಒತ್ತಿರಿ. ಟಿ.ವಿ. ಹೊತ್ತಿಕೊಂಡರೆ ದೋಷ ರಿಮೋಟಿನದು; ಸೆಲ್ ಬದಲಿಸಿದರೆ ಸಾಕಾಗಬಹುದು. ಇಲ್ಲವಾದರೆ ಪ್ಲಗ್ಗನ್ನು ಕಿತ್ತು, ಆ ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿದು, ಕೆಲವು ನಿಮಿಷ ಬಿಟ್ಟು ಮರಳಿ ಜೋಡಿಸಿರಿ. ಒಳಗಿನ ಪುಟ್ಟ ಗಣಕವು ಎಲ್ಲೋ ಸಿಕ್ಕಿಕೊಂಡಿದ್ದರೆ ಇದರಿಂದ ಹೊಸದಾಗಿ ಆರಂಭವಾಗುತ್ತದೆ.

ದುರಸ್ತಿಗಾರನಿಗೆ ‘ಚಾಲೂ ಆಗುವುದಿಲ್ಲ’ ಎಂದಷ್ಟೇ ಹೇಳಬಾರದು. ಕೆಂಪು ದೀಪವೇ ಬಾರದಿದ್ದರೆ ವಿದ್ಯುತ್ ಒದಗಿಸುವ ಭಾಗದ ಮೇಲೆ ಸಂಶಯ. ದೀಪ ಮಿನುಗುತ್ತಿದ್ದರೆ ಎಷ್ಟು ಸಲ ಮಿನುಗಿ ನಿಲ್ಲುತ್ತದೆಂದು ಎಣಿಸಿ ತಿಳಿಸಬೇಕು. ಹಲವು ತಯಾರಕರು ದೋಷದ ಸೂಚನೆಯನ್ನು ಹೀಗೆಯೇ ಅಳವಡಿಸಿರುತ್ತಾರೆ. ಧ್ವನಿ ಬಂದು ತೆರೆ ಕಪ್ಪಾಗಿದ್ದರೆ, ಕೋಣೆಯನ್ನು ಕತ್ತಲು ಮಾಡಿ ತೆರೆಯ ಮೇಲೆ ಓರೆಯಾಗಿ ಬ್ಯಾಟರಿ ಬಿಟ್ಟು ನೋಡಿರಿ. ಮಸುಕಾದ ಚಿತ್ರ ಕಂಡರೆ ತೆರೆಯ ಹಿಂದಿನ ಎಲ್‌ಇಡಿ ದೀಪಗಳು ಆರಿವೆಯೆಂದು ತಿಳಿಯಬೇಕು. ಅವು ಜಾತ್ರೆಯ ದೀಪದ ಸರದಂತೆ ಒಂದರ ಬೆನ್ನಿಗೊಂದು ಕೂಡಿರುವುದರಿಂದ, ಒಂದು ಸುಟ್ಟರೂ ಇಡೀ ಸರ ಆರುವುದುಂಟು.

ಇಷ್ಟರ ಆಚೆಗೆ ಮನೆಯವರು ಹೋಗಕೂಡದು. ಮೊಬೈಲಿನಲ್ಲಿ ನೋಡಿ ಕಲಿತೆವೆಂದು ಹಿಂದಿನ ಮುಚ್ಚಳ ಬಿಚ್ಚುವ ತರುಣರಿಗೆ ಇದನ್ನು ಕಟುವಾಗಿಯೇ ಹೇಳುತ್ತೇವೆ. ಗೋಡೆಯಿಂದ ಬರುವ 230 ವೋಲ್ಟ್ ಒಳಗೆ 320ಕ್ಕೂ ಮಿಕ್ಕಿ ಏರಿ ದೊಡ್ಡ ಕೆಪಾಸಿಟರಿನಲ್ಲಿ ಕೂಡಿಕೊಂಡಿರುತ್ತದೆ. ಪ್ಲಗ್ ಕಿತ್ತ ಮೇಲೂ ಅದು ಉಳಿದಿರಬಹುದು, ಪ್ರಾಣಕ್ಕೇ ಎರವಾಗಬಹುದು.

ಹೀಗೆ ಕೆಡುವ ಭಾಗಗಳಲ್ಲಿ ಪದೇ ಪದೇ ಸಿಗುವುದು ಸಣ್ಣ ಕೆಪಾಸಿಟರುಗಳೇ. ಅವುಗಳ ತಲೆ ಉಬ್ಬಿರುವುದು ಬರಿಗಣ್ಣಿಗೇ ಕಾಣುತ್ತದೆ. ಶಾಖವು 10 ಡಿಗ್ರಿ ಏರಿದರೆ ಅವುಗಳ ಆಯುಷ್ಯ ಸುಮಾರು ಅರ್ಧಕ್ಕಿಳಿಯುತ್ತದೆ. ಗಾಳಿಯಾಡದ ಷೋಕೇಸಿನೊಳಗೆ ಟಿ.ವಿ.ಯನ್ನು ಬಿಗಿಯಾಗಿ ಕೂರಿಸಿ, ಮೇಲೆ ಕಸೂತಿಯ ಬಟ್ಟೆ ಹೊದಿಸುವ ನಮ್ಮ ಮನೆಗಳ ಅಲಂಕಾರಪ್ರಿಯತೆಯು ಇಲ್ಲಿ ಶತ್ರುವಾಗುತ್ತದೆ. ಬದಲಿಸುವ ಕೆಪಾಸಿಟರು ಅದೇ ಮೈಕ್ರೋಫ್ಯಾರಡಿನದೂ, ಅಷ್ಟೇ ಅಥವಾ ಹೆಚ್ಚಿನ ವೋಲ್ಟಿನದೂ, 105 ಡಿಗ್ರಿ ತಾಳುವಂಥದೂ ಆಗಿರಬೇಕು.

‘ಇಷ್ಟು ಅಗ್ಗದ ಸಾಮಾನಿಗೆ ಇಷ್ಟೊಂದು ಕೂಲಿಯೇ?’ ಎಂಬ ಜಗಳ ಹುಟ್ಟುವುದು ಇಲ್ಲಿಯೇ. ಹುಲ್ಲಿನ ಹಗ್ಗ ಹೊಸೆದ ನುಲಿಯ ಚಂದಯ್ಯನವರನ್ನು ಶರಣರೆಂದು ಪೂಜಿಸುವ ನಾವು, ದೋಷವನ್ನು ಹುಡುಕಿದವನ ಅರಿವಿಗೆ ಬೆಲೆ ಕಟ್ಟಲು ಹಿಂಜರಿಯುವುದು ಯಾವ ನ್ಯಾಯ? ಅಂತೆಯೇ ದುರಸ್ತಿಗಾರನೂ ಖರ್ಚನ್ನು ಮೊದಲೇ ಹೇಳಬೇಕು, ತೆಗೆದ ಭಾಗವನ್ನು ತೋರಿಸಬೇಕು. ‘ಬೋರ್ಡೇ ಹೋಗಿದೆ’ ಎಂದು ಒಂದೇ ಮಾತಿನಲ್ಲಿ ಮುಗಿಸುವವನಿದ್ದರೆ ಇನ್ನೊಬ್ಬರಿಗೆ ತೋರಿಸುವುದು ಲೇಸು. ತೆರೆಯೇ ಒಡೆದಿದ್ದರೆ ಮಾತ್ರ ಹಣ ಸುರಿಯಬೇಡಿರಿ. ಅದರ ಬೆಲೆ ಹೊಸ ಟಿ.ವಿ.ಯ ಸಮೀಪಕ್ಕೆ ಹೋಗುತ್ತದೆ. ಅಂಥದನ್ನು ಗುಜರಿಗೆ ಹಾಕದೆ, 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳಿಗೆ ಅನುಸಾರವಾಗಿ ನೋಂದಾಯಿತ ಮರುಬಳಕೆದಾರರಿಗೆ ತಲುಪಿಸಬೇಕು.

ಅಶ್ವಿನಿ, ಭರಣಿ ಮಳೆಗಳ ಗುಡುಗು ಕೇಳಿದೊಡನೆ ಟಿ.ವಿ. ಆರಿಸಿ ಕೂರುವವರುಂಟು. ಅಷ್ಟು ಸಾಲದು, ಸಿಡಿಲನ್ನು ಸ್ಟೆಬಿಲೈಜರೂ ತಡೆಯದು. ಮೋಡ ಕವಿಯುವಾಗಲೇ ಪ್ಲಗ್ಗನ್ನು ಕೀಳಬೇಕು, ಅದರೊಡನೆ ಕೇಬಲ್ಲಿನ ಅಥವಾ ಡಿಶ್ಶಿನ ತಂತಿಯನ್ನೂ ಬಿಡಿಸಬೇಕು.