ಆಯಿಲ್ ಕೂಲರ್: ಔಷಧಿನಾ, ಒಡವೆನಾ? | ಹಳೇ ಬೈಕ್ ಸರಣಿ, ಭಾಗ 3

‘ಯೆಜ್ಡಿಗೆ ಆಯಿಲ್ ಕೂಲರ್ ಹಾಕ್ಸೋಣ್ವಾ’ ಅಂತ ಕೇಳೋರೇ, ಒಂದ್ನಿಮಿಷ. ಕೂಲರ್ ಕೆಲಸ ಏನು? ಇಂಜಿನ್‌ನಲ್ಲಿ ಸುತ್ತೋ ಬಿಸಿ ಆಯಿಲನ್ನ ಹೊರಗೆ ತಂದು, ತಣಿಸಿ, ವಾಪಸ್ ಕಳಿಸೋದು. 1961ರಿಂದ 1996ರವರೆಗೆ ಮೈಸೂರಲ್ಲಿ ಬೈಕ್ ಮಾಡಿದ ಐಡಿಯಲ್ ಜಾವಾದ ರೋಡ್‌ಕಿಂಗ್ ಟೂ-ಸ್ಟ್ರೋಕ್. ಅದರ ಆಯಿಲ್ ಪೆಟ್ರೋಲ್ ಜೊತೆ ಬೆರೆತು ಒಳಗೆ ಹೋಗುತ್ತೆ, ಹೊಗೆಯಾಗಿ ಹೊರಗೆ ಬರುತ್ತೆ. ಗೇರ್‌ಬಾಕ್ಸ್ ಆಯಿಲ್ ಬೇರೆ ಲೆಕ್ಕ. ಇನ್ನು ತಣಿಸೋದು ಯಾವುದನ್ನ?

ಹಳೇ ಬುಲೆಟ್ ಫೋರ್-ಸ್ಟ್ರೋಕ್. ಪಂಪ್ ಇದೆ, ಆಯಿಲ್ ಸುತ್ತುತ್ತೆ, ಕೂಲರ್ ಕೂರುತ್ತೆ. ಆದ್ರೆ ಥರ್ಮೋಸ್ಟಾಟ್ ಇಲ್ಲದೆ ಕೂರಿಸಿದ್ರೆ, ಕಾಲೇಜಿಗೆ ಹೋಗಿಬರೋ ನಾಲ್ಕು ಕಿಲೋಮೀಟರಲ್ಲಿ ಆಯಿಲ್ ಸರಿಯಾಗಿ ಬಿಸಿಯೇ ಆಗಲ್ಲ. ಒಳಗಿನ ನೀರಿನ ಪಸೆ ಆವಿಯಾಗದೆ ಉಳಿದು ಆಯಿಲನ್ನೇ ಕೆಡಿಸುತ್ತೆ. ಮೇಲೆ, ಪ್ರತಿ ಹೊಸ ಜಾಯಿಂಟೂ ಸೋರೋಕೆ ಹೊಸ ಜಾಗ. ಓಡುವಾಗ ಪೈಪ್ ಕಳಚಿದ್ರೆ ಆಯಿಲ್ ಹಿಂದಿನ ಟಯರ್ ಮೇಲೆ!

ಇಂಜಿನ್ ಯಾಕೆ ಅಷ್ಟು ಕಾಯ್ತಿದೆ ಅಂತ ಮೊದಲು ನೋಡಿ. ಟೈಮಿಂಗ್ ತಡವಾಗಿದೆಯಾ? ಕಾರ್ಬ್ಯುರೇಟರ್ ಪೆಟ್ರೋಲ್ ಕಡಿಮೆ ಕೊಡ್ತಿದೆಯಾ? ಫಿನ್‌ಗಳ ನಡುವೆ ಕೆಸರು ಗಟ್ಟಿಯಾಗಿದೆಯಾ? ಇದನ್ನೆಲ್ಲ ಬಿಟ್ಟು ಕೂಲರ್ ಹಾಕ್ಸೋದು, ಜ್ವರ ಬಂದವನಿಗೆ ಬೀಸಣಿಗೆ ಬೀಸಿದ ಹಾಗೆ.

ಎಲ್ಲಾ ಸರಿಯಿದ್ದು, ಬಿರುಬೇಸಿಗೆಯಲ್ಲಿ ದಿನವಿಡೀ ಹೈವೇ ಓಡಿಸ್ತೀರಾ? ಥರ್ಮೋಸ್ಟಾಟ್ ಸಮೇತ ಹಾಕ್ಸಿ, ಮೊದಲ ಲೈಕ್ ನಂದೇ. ಫೋಟೋಗೋಸ್ಕರ ಆದ್ರೆ, ಆ ದುಡ್ಡಲ್ಲಿ ಒಳ್ಳೇ ಆಯಿಲ್ ತಗೊಂಡು ಹೊತ್ತಿಗೆ ಸರಿಯಾಗಿ ಬದಲಾಯಿಸಿ.